ಸರ್ದಾರನಿಗೊಂದು ಗಟ್ಟಿ ಆಟಿಕೆ

ಜವಳಗೇರಾದ ಅಮರಗುಂಡಪ್ಪ ಸಿಂಧನೂರಿನ ಆಟಿಕೆ ಅಂಗಡಿಗೆ ಬಂದರೆಂದರೆ ಅದು ಮೊಮ್ಮಕ್ಕಳಿಗಲ್ಲ, ನಾಯಿಗೆ. ಕರುವಿನಷ್ಟು ಎತ್ತರದ ಅವರ ಸರ್ದಾರ್ ಕಡಿಯದ ವಸ್ತುವಿಲ್ಲ. ಬೆಳಿಗ್ಗೆ ಕೊಟ್ಟ ರಬ್ಬರ್ ಚೆಂಡು ಮಧ್ಯಾಹ್ನಕ್ಕೆ ಪುಡಿ, ದನ ಕಟ್ಟುವ ಹಗ್ಗ ಸಂಜೆಗೆ ನಾರು. ಟ್ರ್ಯಾಕ್ಟರ್ ಟೈರಿನ ತುಂಡೊಂದೇ ಯುಗಾದಿಯಿಂದ ಪಂಚಮಿಯವರೆಗೆ ಬಾಳಿತ್ತು. ಅದನ್ನೂ ಕೊನೆಗೆ ಮುಗಿಸಿದ್ದನ್ನು ಅವರು ಮಗ ಪಾಸಾದಷ್ಟು ಹಿಗ್ಗಿನಿಂದ ಹೇಳುತ್ತಾರೆ. ಲಿಂಗಸುಗೂರು, ಮಸ್ಕಿಯ ಅಂಗಡಿಗಳನ್ನೂ ಬಿಟ್ಟವರಲ್ಲ. ಅಂಗಡಿಯ ಜಾಹೀದ್ ಏನೇ ತೋರಿಸಲಿ, ಧೋತರದ ಅಂಚಿನಿಂದ ಒರೆಸಿ, ಮೊದಲು ತಾವೇ ಕಚ್ಚಿ ನೋಡುತ್ತಾರೆ. “ನನ್ನ ಹಲ್ಲಿಗೇ ಬಗ್ಗತೈತಿ, ನಮ್ ಸರ್ದಾರಗ ಇದು ಬೆಣ್ಣಿ” ಎಂದು ಹಿಂದಕ್ಕೆ ಕೊಡುತ್ತಾರೆ. ಜಾಹೀದ್ ಎಂಜಲು ಒರೆಸಿ ಮತ್ತೆ ಮೇಲಿಡುತ್ತಾನೆ. ಮೊನ್ನೆ ಒಂದು ದಪ್ಪ ಕರಿ ಬಳೆಯಂಥದ್ದಕ್ಕೆ ಅವರ ಹಲ್ಲು ಊರಲೇ ಇಲ್ಲ. “ಸಿಕ್ತು ನೋಡ್ರಿ ಕಾಕಾ, ಕಲ್ಲಿದ್ದಂಗ ಐತಿ” ಎಂದ ಜಾಹೀದ್. ಅಮರಗುಂಡಪ್ಪ ಅದನ್ನು ಮೆಲ್ಲಗೆ ಕೆಳಗಿಟ್ಟು, ಸುತ್ತ ನೋಡಿ, ದನಿ ತಗ್ಗಿಸಿದರು. “ಸರ್ದಾರನ ಹಲ್ಲು ಈಗ ಸವದಾವಪ್ಪ. ನೋಡಾಕ ಟೈರಿನಂಗಿರಬೇಕು, ಕಚ್ಚಿದ್ರ ಮೆತ್ತಗಿರಬೇಕು, ಅಂಥದ್ದು ಕೊಡು. ಅದಕ್ಕ ಗೊತ್ತಾಗಬಾರದು.”