ಬೆಲ್ ವಾಪಸ್ ಬರಬೇಕು

ಬಂಗಾರಪೇಟೆಯ ಮನೆಯಲ್ಲಿ ಕೂತು ಎಂ.ಎ. ವಿದ್ಯಾರ್ಥಿಗಳಿಗೆ ವಿಡಿಯೊದಲ್ಲಿ ಅರ್ಥಶಾಸ್ತ್ರ ಹೇಳುವಾಗ ನನಗೊಂದು ಚಟ ಅಂಟಿಕೊಂಡಿತ್ತು. ಐದೈದು ನಿಮಿಷಕ್ಕೆ "ಅರ್ಥ ಆಯ್ತಾ?" ಅನ್ನುವುದು. ಪರದೆಯ ಮೇಲೆ ನಾಲ್ಕು ಹೆಬ್ಬೆರಳು ಏಳುತ್ತಿದ್ದವು, ನಾನು ಮುಂದಕ್ಕೆ ಹೋಗುತ್ತಿದ್ದೆ.

ಒಂದು ದಿನ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಸುಜಾತ ಮೈಕ್ ಆರಿಸಲು ಮರೆತಿದ್ದಳು. ಅವರದು ಒಂದೇ ಕೋಣೆಯ ಮನೆ, ನನ್ನ ಪಾಠ ಅವಳ ತಾತನೂ ಕೇಳಲೇಬೇಕು. ನಾನು "ಅರ್ಥ ಆಯ್ತಾ?" ಅಂದದ್ದೇ ತಡ, ತಾತನ ದನಿ ಇಡೀ ತರಗತಿಗೆ ಕೇಳಿಸಿತು. "ನಿಮ್ಮ ಮೇಷ್ಟ್ರು ಬೆಲ್ ವಾಪಸ್ ಬರೋಕ್ ಮುಂಚೇನೇ ಕೇಜು ಬಿಟ್ಬಿಡ್ತಾರಲ್ಲಮ್ಮ."

ಸುಜಾತ ಗಾಬರಿಯಾಗಿ ಮೈಕಿಗೆ ಕೈ ಹಾಕಿದಳು. ನಾನೇ ತಡೆದು, "ಏನಂದ್ರಿ ತಾತಾ?" ಅಂದೆ.

ಗಣಿಯೊಳಕ್ಕೆ ಜನರನ್ನು ಇಳಿಸುವ ಕೇಜಿಗೆ ಬೆಲ್ ಹೊಡೆಯುವುದು ಅವರ ಕೆಲಸವಾಗಿತ್ತಂತೆ. "ಕೆಳಗಿಂದ ಮೂರು ಬೆಲ್ ಬಂದ್ರೆ ಮೇಲಿಂದ ನಾವೂ ಮೂರು ಒಡೀಬೇಕು ಸಾರ್. ಎರಡೂ ಒಂದೇ ಆದ್ರೇನೇ ಕೇಜು ಅಲ್ಲಾಡೋದು. ಸುಮ್ನೆ ಊಂ ಅಂದ್ರೆ ಆಗಲ್ಲ. ಒಳಗೆ ಜನ ಇರ್ತಾರಲ್ಲ."

ಸರಿ, ನಾನು ಹೇಳಿದ್ದನ್ನು ನೀನೇ ಒಮ್ಮೆ ಹೇಳಮ್ಮ ಅಂತ ಸುಜಾತಳನ್ನು ಕೇಳಿದೆ. ನೋಟ್ಸ್ ತಿರುವಿಹಾಕತೊಡಗಿದಳು. ಹೆಬ್ಬೆರಳು ಎತ್ತಿದ್ದವರನ್ನು ಕೇಳಿದೆ. ಒಬ್ಬನಿಗೆ ಆ ಗಳಿಗೆಗೇ ನೆಟ್‌ವರ್ಕ್ ಕೈಕೊಟ್ಟಿತು. ಇನ್ನೊಬ್ಬಳು ಹೇಳಿದ್ದು ನಾನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಅವತ್ತು ಪಾಠವನ್ನು ಮೊದಲಿನಿಂದ ಶುರು ಮಾಡಿದೆ. ತಪ್ಪನ್ನು ವಿಡಿಯೊ ಮೇಲೆ ಹಾಕಬಹುದಿತ್ತು. ಆದರೆ ಅದಕ್ಕೂ ಮುಂಚೆ ಇಪ್ಪತ್ತು ವರ್ಷ, ಎದುರಿಗೆ ಕೂತವರು ತಲೆಯಾಡಿಸಿದ್ದನ್ನೇ ನಂಬಿ ಮುಂದೆ ಹೋದವನು ನಾನು. ಆ ಕೇಜುಗಳೆಲ್ಲ ಎಲ್ಲೆಲ್ಲಿ ನಿಂತಿವೆಯೋ, ಈಗ ಯಾರನ್ನು ಕೇಳಲಿ.