ಹೆಸರಿಗಲ್ಲ, ಮಾತಿಗೆ ಬೆಂಬಲ ಕೇಳುವ ಬ್ರೆಡ್ಡಕ್ಕ

ಬೆಳಗಿನ ಐದು ಗಂಟೆ. ಬೇಕರಿಯ ಹಿಂಬಾಗಿಲಲ್ಲಿ ನಿಂತ ಮೂರು ಚಕ್ರದ ಸೈಕಲ್ ಗಾಡಿಗೆ ಬಿಸಿ ಬ್ರೆಡ್ಡಿನ ಟ್ರೇಗಳು ಏರುತ್ತಿವೆ. ಏರಿಸುತ್ತಿರುವಾಕೆಗೆ ಐವತ್ತೆರಡು ವರ್ಷ. ವಾರ್ಡಿನ ಚಿಕ್ಕವರಿಗೂ ದೊಡ್ಡವರಿಗೂ ಆಕೆ ಬ್ರೆಡ್ಡಕ್ಕ. ಒಲೆಯ ಮುಂದಿರುವ ಗಂಡ ಕೊನೆಯ ಟ್ರೇ ಕೊಡುತ್ತಾ, "ಇವತ್ತಾದ್ರೂ ಬ್ರೆಡ್ ಆರೋಕೆ ಮುಂಚೆ ಮಾತು ಮುಗಿಸೇ" ಎನ್ನುತ್ತಾರೆ. ಆಕೆ ನಕ್ಕು ಪೆಡಲ್ ತುಳಿಯುತ್ತಾಳೆ.

ಮೂರನೇ ಬಾಗಿಲಿಗೇ ಮಾತು ಶುರು. ನಿವೃತ್ತ ಅಂಚೆಯಣ್ಣ ಬ್ರೆಡ್ ತೆಗೆದುಕೊಳ್ಳುತ್ತಾ ಕೇಳುತ್ತಾರೆ: "ಏನಮ್ಮ, ಈ ಸಲ ಯಾರಿಗೆ ಹಾಕೋಣ ಓಟು?"

"ಯಾರಿಗೆ ಅನ್ನೋದು ಆಮೇಲೆ ತಾತ. ಯಾತಕ್ಕೆ ಅಂತ ಮೊದಲು ಹೇಳಿ."

ದಿನಕ್ಕೆ ನೂರ ಎಂಬತ್ತು ಬ್ರೆಡ್, ನೂರ ಹತ್ತು ಬಾಗಿಲು. ಅದರಲ್ಲಿ ಹತ್ತು ಹನ್ನೆರಡು ಕಡೆಯಾದರೂ ಈ ಪ್ರಶ್ನೆ ಕೇಳದೆ ಆಕೆ ಮುಂದೆ ಹೋಗುವುದಿಲ್ಲ.

ಐದು ವರ್ಷದ ಹಿಂದೆ, ಕಳೆದ ವಾರ್ಡ್ ಚುನಾವಣೆಯಲ್ಲಿ, ಬ್ರೆಡ್ಡಕ್ಕನೂ ಒಬ್ಬ ಅಭ್ಯರ್ಥಿಯ ಬಾವುಟ ಹಿಡಿದು ಬೀದಿ ಸುತ್ತಿದವಳೇ. ಮನೆಮಗನಂಥವನು ಎಂದು ಎಲ್ಲರೂ ನಂಬಿದರು, ಗೆಲ್ಲಿಸಿದರು. ಎರಡೇ ವರ್ಷಕ್ಕೆ, ರಸ್ತೆ ಅಗಲವಾಗಬೇಕು, ಕೆಳಗಿನ ಬೀದಿಯ ನಲವತ್ತು ಮನೆ ತೆರವಾಗಬೇಕು ಎಂದು ನೋಟಿಸು ಬಂತು. ತೀರ್ಮಾನವಾಗಿದ್ದು ಮುಚ್ಚಿದ ಬಾಗಿಲ ಹಿಂದೆ. "ಕೇಳೋಕೆ ಅಂತ ಮೂರು ಸಲ ಹೋದ್ವಿ. ಮೂರು ಸಲಾನೂ ಸಾಹೇಬ್ರು ಸ್ನಾನಕ್ಕೆ ಹೋಗಿದಾರೆ ಅಂದ್ರು. ಅಷ್ಟೊಂದು ಕೊಳೆ ಎಲ್ಲಿಂದ ಬಂದಿತ್ತೋ!" ಎಂದು ಆಕೆ ನಗುತ್ತಾಳೆ. ನಗು ಅಲ್ಲಿಗೇ ನಿಲ್ಲುತ್ತದೆ. ಕೆಡವಿದ ನಲವತ್ತರಲ್ಲಿ ಒಂದು ಅವಳ ಅತ್ತೆಯ ಮನೆ.

ಅಂದಿನಿಂದ ಹೆಸರು ಹಿಡಿದು ಹೋಗುವುದನ್ನು ಬಿಟ್ಟಳು. ಬಾಗಿಲು ಬಾಗಿಲಿಗೆ ಕೇಳುತ್ತಾ ಹೋದಂತೆ ಬೇಡಿಕೆಗಳು ಮೂವತ್ತೊಂದಾದವು. ಟೈಲರಿಂಗ್ ಕ್ಲಾಸಿನ ಕೋಣೆಯಲ್ಲಿ, ಹೊಲಿಗೆ ಯಂತ್ರಗಳ ನಡುವೆ ಬೀದಿಯವರೆಲ್ಲ ಇಕ್ಕಟ್ಟಾಗಿ ಕೂತು, ಜಗಳವಾಡಿ, ಅಳೆದೂ ಸುರಿದೂ ಕೊನೆಗೆ ನಾಲ್ಕು ಸಾಲಿಗೆ ಇಳಿಸಿದರು. ಬೇರೆ ನೆಲೆ ತೋರಿಸದೆ ಯಾರ ಮನೆಯನ್ನೂ ಕೆಡವಬಾರದು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನೀರು ಒಂದೇ ಸಮ ಬರಬೇಕು. ಸಭೆ ನಡೆಯುವಾಗ ಬಾಗಿಲು ತೆರೆದಿರಬೇಕು. ಗೆದ್ದವರು ತಿಂಗಳಿಗೊಮ್ಮೆ ಜನರೆದುರು ನಿಂತು ಉತ್ತರ ಹೇಳಬೇಕು.

ಇದಕ್ಕೆ ಸಹಿ ಹಾಕಿದವರು ಈಗ ಸಾವಿರದ ನೂರ ನಲವತ್ತು ಜನ. ಸುಲಭಕ್ಕೆ ಬಂದದ್ದಲ್ಲ. "ಬ್ರೆಡ್ ಮಾರೋಳಿಗ್ಯಾಕೆ ರಾಜಕೀಯ" ಎಂದು ಹದಿನೇಳು ಮನೆಯವರು ಬ್ರೆಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಬೇಕರಿ ಮಾಲೀಕರು ಕರೆದು, ಗಾಡಿ ಬೇಕೋ ಸಹಿ ಬೇಕೋ ಎಂದರು. ಅವರ ತಾಯಿ ಒಳಗಿನಿಂದಲೇ, "ಆ ಕಾಗದಕ್ಕೆ ನಾನೂ ಸಹಿ ಹಾಕಿದೀನಿ, ನನ್ನನ್ನೂ ಹೊರಗೆ ಹಾಕು" ಎಂದ ಮೇಲೆ ಮಾಲೀಕರು ಗಪ್‌ಚಿಪ್.

ಆದರೆ ಕರುಳು ಹಿಂಡಿದ್ದು ಒಡಹುಟ್ಟಿದ ತಮ್ಮ. ಎಲೆಕ್ಟ್ರಿಷಿಯನ್ ಆದ ಆತ ಈ ಸಲ ತಾನೇ ಚುನಾವಣೆಗೆ ನಿಂತ.

"ಅಕ್ಕಾ, ನಿನ್ನ ಸಾವಿರ ಜನಾನ ನನಗೆ ಕೊಡು."

"ಅವರೇನು ನನ್ನ ಸೆರಗಿನ ಗಂಟೇನೋ, ಬಿಚ್ಚಿ ಕೊಡೋಕೆ?"

ಕಾಗದ ಮುಂದಿಟ್ಟಳು. ಆತ ಮೂರು ಸಾಲು ಒಪ್ಪಿದ, ನಾಲ್ಕನೆಯದಕ್ಕೆ ಪೆನ್ನು ಕೆಳಗಿಟ್ಟ. "ನನ್ನನ್ನೂ ನಂಬಲ್ವಾ?"

"ನಂಬ್ತೀನಿ ಕಣೋ. ನಂಬಿ ಒಂದು ಸಲ ಕೆಟ್ಟಿದೀನಿ, ಅದಕ್ಕೇ ಸಹಿ ಕೇಳ್ತಿರೋದು."

ಕೊಟ್ಟ ಟೀ ಮುಟ್ಟದೆ ಎದ್ದು ಹೋದ. ಇಪ್ಪತ್ತು ದಿನ, ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸಿದ. ಆ ದಿನಗಳಲ್ಲಿ ಗಾಡಿ ಎಂದಿಗಿಂತ ಭಾರವಾಗಿತ್ತು ಎಂದಷ್ಟೇ ಆಕೆ ಹೇಳುತ್ತಾಳೆ.

ಕಳೆದ ಭಾನುವಾರ ಶಾಲೆಯ ಹಾಲ್ ಕಿಕ್ಕಿರಿದಿತ್ತು. ಕಿಟಕಿಗಳಲ್ಲೂ ತಲೆಗಳು. ಐವರು ಅಭ್ಯರ್ಥಿಗಳೂ ಬಂದಿದ್ದರು. ಸಾವಿರದ ಮೇಲೆ ಸಹಿ ಇದ್ದಾಗ ಬಾರದಿರಲು ಯಾರಿಗೆ ಧೈರ್ಯ? ನಾಲ್ಕು ಸಾಲು ಗಟ್ಟಿಯಾಗಿ ಓದಬೇಕು, ಹೂಂ ಅಥವಾ ಉಹೂಂ ಅನ್ನಬೇಕು. ಮೂವರು ಹೂಂ ಅಂದು ಸಹಿ ಹಾಕಿದರು. ಒಬ್ಬರು "ಇದೇನು ಪರೀಕ್ಷೆನಾ?" ಎಂದು ಸಿಡಿಮಿಡಿಗೊಂಡು ಹೊರಟೇಹೋದರು. ಕೊನೆಗೆ ಎದ್ದವನು ತಮ್ಮ.

"ನಾಲ್ಕನೇ ಸಾಲು ಅಂದ್ರೆ ನನಗೆ ಭಯ. ನೀವು ಕೇಳೋದಕ್ಕೆಲ್ಲ ಉತ್ತರ ಗೊತ್ತಿಲ್ದೆ ಇದ್ರೆ?"

"ಗೊತ್ತಿಲ್ಲ ಅಂತಾನೇ ಹೇಳಪ್ಪಾ!" ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು. "ಆದ್ರೆ ಬಂದು ಹೇಳು!"

ಹಾಲ್ ಗೊಳ್ಳೆಂದಿತು. ತಮ್ಮನೂ ನಕ್ಕ, ಬಗ್ಗಿ ಸಹಿ ಹಾಕಿದ. ಚಪ್ಪಾಳೆಯ ಅಬ್ಬರಕ್ಕೆ ಮಾತೇ ಕೇಳಿಸದಂತಾಯಿತು. ಹೊರಡುವಾಗ ಅಕ್ಕನ ಪಕ್ಕ ನಿಂತು ಆತ ಕೇಳಿದ್ದು ಒಂದೇ: "ಟೀ ಇದೆಯೇನೇ ಮನೇಲಿ?"

ಮತದಾನಕ್ಕೆ ಇನ್ನು ಆರು ದಿನ. ಸಹಿ ಹಾಕಿದ ನಾಲ್ವರಲ್ಲಿ ಯಾರಿಗೆ ಎಂದು ಬ್ರೆಡ್ಡಕ್ಕ ಯಾರಿಗೂ ಹೇಳುವುದಿಲ್ಲ. "ನಮ್ಮೆಜಮಾನ್ರೇ ಕೇಳಿ ಕೇಳಿ ಸುಸ್ತಾದ್ರು." ಪಕ್ಕದ ವಾರ್ಡಿನವರು ನಾಲ್ಕು ಸಾಲಿನ ಪ್ರತಿ ಕೇಳಿ ಬಂದಾಗಲೂ ಕೊಡಲಿಲ್ಲ, "ನಿಮ್ಮ ಬಾಗಿಲುಗಳನ್ನ ನೀವೇ ಕೇಳಿ" ಎಂದು ಕಳಿಸಿದಳು. ಅವರು ಕೇಳಲು ಶುರುಮಾಡಿದ್ದಾರಂತೆ. ಹಾಗೆನ್ನುವಾಗ ಆಕೆಯ ಕಣ್ಣುಗಳು ಅರಳುತ್ತವೆ.

ನೀವೇ ಯಾಕೆ ನಿಲ್ಲಬಾರದು ಎಂದರೆ ತಲೆಯಾಡಿಸುತ್ತಾಳೆ. "ನಾನು ನಿಂತ್ರೆ ಮಾತು ಕೂತುಬಿಡುತ್ತೆ. ಗೆದ್ದೋರು ಯಾರಾದ್ರೂ ಆಗ್ಲಿ, ತಿಂಗಳಿಗೊಮ್ಮೆ ಬಂದು ನಿಂತು ಉತ್ತರ ಹೇಳ್ಲಿ. ಮುಂದಿನ ಸಾಲಲ್ಲಿ ನನಗೊಂದು ಕುರ್ಚಿ ಇರ್ಲಿ. ಕಾಲು ಚಾಚಿ ಕೂತು ಕೇಳಬೇಕು, ಅಷ್ಟೇ ಆಸೆ."