ಅಣ್ಣನ ಮದ್ದಿನ ಕೋಡು

ಎತ್ತು ಸತ್ತರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆಯೇ ಎಂದು ಊರವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನಮ್ಮ ಅಣ್ಣ ಹಿಡಿದಿದ್ದಾನಲ್ಲ, ಕಣ್ಣಿಗೆ ಕಾಣುವುದಿಲ್ಲವೇನು? ಶೀಗಿ ಹುಣ್ಣಿಮೆಯ ಮುಂದೆ ನಮ್ಮ ಬಿಳಿ ಎತ್ತು ಹೊಟ್ಟೆ ಉಬ್ಬರಿಸಿ ಸತ್ತಿತು. ಜೋಡಿ ಒಡೆದ ಮೇಲೆ ಇನ್ನೊಂದನ್ನು ಪಕ್ಕದೂರಿನ ಬೀಗರು ಹೊಡೆದುಕೊಂಡು ಹೋದರು. ಅವತ್ತು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ ಅಣ್ಣ ಮತ್ತೆ ಹೊಲದ ದಾರಿ ತುಳಿಯಲಿಲ್ಲ. ಕೊಪ್ಪಳದ ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಏನೂ ಇಲ್ಲ ಎಂದರು. ಏನೂ ಇಲ್ಲ ಎಂಬುದಕ್ಕೆ ಔಷಧ ಎಲ್ಲಿಂದ ತರಬೇಕು?

ಹಿಂಗಾರಿ ಜೋಳ ಹಾಲುಗಾಳು ಕಟ್ಟಿತು, ಕಾಡುಹಂದಿಯ ಕಾಟ ಶುರುವಾಯಿತು. ನಮ್ಮಲ್ಲಿ ಅಪ್ಪನ ಕಾಲದ ಬಂದೂಕು ಒಂದಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಕಬ್ಬಿಣದ ಗಜದಿಂದ ಜಡಿದು ಹಾರಿಸುವಂಥದ್ದು. ಲೈಸೆನ್ಸು ಅಣ್ಣನ ಹೆಸರಿನಲ್ಲಿ. ಗುಂಡು ಹಾಕದೆ ಬರೀ ಮದ್ದು ಹಾರಿಸಿ ಹಂದಿ ಬೆದರಿಸುತ್ತಿದ್ದ. ಅದರ ಹಳೆಯ ಚರ್ಮದ ಚೀಲವನ್ನೂ ಮದ್ದು ತುಂಬುವ ಕೋಡನ್ನೂ ಇಲಿ, ಗೆದ್ದಲು ಸೇರಿ ತಿಂದು ಹಾಕಿದ್ದವು.

ಒಂದು ಬೆಳಿಗ್ಗೆ ಅಣ್ಣ ತಾನಾಗಿಯೇ ಬಾಯಿ ಬಿಟ್ಟ. "ತಮ್ಮಾ, ಆ ಕೋಡ ಐತೇನು?"

ಯಾವ ಕೋಡು ಎಂದು ಕೇಳುವ ಅಗತ್ಯವಿರಲಿಲ್ಲ. ದುಡಿದು ಸತ್ತ ಎತ್ತನ್ನು ನಾವು ಯಾರಿಗೂ ಕೊಡುವುದಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಇಡಿಯಾಗಿ ಹೊಲದಲ್ಲೇ ಹೂಳುತ್ತೇವೆ. ಅವತ್ತು ಕುಣಿಯ ದಂಡೆಯಲ್ಲಿ ಅಣ್ಣ ಗರಗಸ ಹಿಡಿದು ಕೂತು ಒಂದು ಕೋಡು ಕೊಯ್ದುಕೊಂಡಿದ್ದ. "ಮಗನ್ನ ಹಂಗ ದುಡದದ್ದು, ಅದರ ಕೋಡ ಕೊಯ್ತಾರೇನೋ ಹುಚ್ಚಪ್ಯಾಟಿ?" ಎಂದು ಹಿರಿಯರು ಬೈದರು. "ಒಂದರ ನನ್ನ ಸಂಗಾಟ ಇರ್ಲಿ" ಎಂದಷ್ಟೇ ಹೇಳಿದ್ದ.

"ಐತಿ, ಅಟ್ಟದ ಮ್ಯಾಲೆ" ಎಂದೆ.

"ಅದಕ್ಕ ಮದ್ದ ತುಂಬೂಹಂಗ ಮಾಡಿಕೊಡು. ಹೆಗಲಿಗೆ ಹಾಕ್ಕೊಂಡು ಹೊಲಕ್ಕ ಹೋಗ್ತೀನಿ."

ಒಳಗಿದ್ದ ವೈನಿ, ಅಣ್ಣನ ಹೆಂಡತಿ, ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

ನಾನು ಪಂಚಾಯಿತಿಯ ನೀರು ಬಿಡುವವನು. ಬೋರಿನ ಚರ್ಮದ ವಾಷರು ಕೊಯ್ದು ಕೊಯ್ದು ಕೈ ಪಳಗಿತ್ತು. ತಾವರಗೇರಾ ಸಂತೆಯಿಂದ ಹದ ಮಾಡಿದ ಎಮ್ಮೆಯ ಚರ್ಮ, ಆರಿ, ಮೇಣ ತಂದೆ. "ವಾಲ್ ತಿರುವೂ ಕೈಗೆ ಹೊಲಿಗಿ ಬರತೈತೇನ?" ಎಂದು ವೈನಿ ಕೆಣಕಿದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಚೇಷ್ಟೆಯ ಮಾತು ಕೇಳಿ ಜೀವಕ್ಕೆ ತಂಪಾಯಿತು. ಆರಿಯಿಂದ ತೂತು ಚುಚ್ಚಿ, ಮೇಣ ತಿಕ್ಕಿದ ದಾರದಿಂದ ಎರಡೂ ಕಡೆ ಜಗ್ಗಿ ಹೊಸ ಚೀಲ ಹೊಲಿದೆ. ಮದ್ದಿಗೆ ಕಿಡಿ ಹೊತ್ತಿಸುವ ಕೇಪಿಗೆ ಒಂದು ಸಣ್ಣ ಕಿಸೆ, ಮದ್ದಿನ ಮೇಲೆ ಜಡಿಯುವ ಚಿಂದಿಗೆ ಒಂದು ದೊಡ್ಡದು, ಮೇಲೆ ಮಳೆ ಹನಿ ಬೀಳದಂತೆ ಮುಚ್ಚಳ. ಪಟ್ಟಿಯ ಅಳತೆ ತೆಗೆಯಲು ಹೋದಾಗ ಅಣ್ಣ ಎದ್ದು ಕೂತು ತೋಳೆತ್ತಿದ. ಹೆಗಲೆಲ್ಲ ಎಲುಬು. "ತೂತ ನಾಕ ಹಾಕು. ಮೈ ತುಂಬಿದ ಮ್ಯಾಲೆ ಸಡ್ಲ ಮಾಡಾಕ ಬೇಕು" ಎಂದ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಅಣ್ಣ ಬದುಕುತ್ತಾನೆ ಎಂದು ಅವತ್ತು ನಾನು ಪೂರ್ತಿ ನಂಬಿದೆ.

ಕೋಡಿನೊಳಗಿನ ಎಲುಬು ಒಣಗಿ ತಾನೇ ಕಳಚಿತ್ತು. ತುದಿಗೆ ಕಾದ ಕಬ್ಬಿಣದ ಸಳಿಯಿಂದ ತೂತು ಕೊರೆದೆ. ಬುಡಕ್ಕೆ ಬೇವಿನ ಕಟ್ಟಿಗೆಯ ಬಿಲ್ಲೆ ಕೆತ್ತಿದೆ. ಕುದಿಯುವ ನೀರಿನಲ್ಲಿ ಕೋಡಿನ ಬುಡ ಇಳಿಬಿಟ್ಟರೆ ಮೆತ್ತಗಾಗುತ್ತದೆ, ಆಗ ಬಿಲ್ಲೆ ಒತ್ತಿ ಕೂಡಿಸಬೇಕು. ಅಣ್ಣನ ಕಣ್ಣೆದುರಿಗೇ ಒತ್ತಿದೆ.

ಟಪ್ ಎಂದಿತು. ಕೋಡು ಬುಡದಿಂದ ತುದಿಯವರೆಗೆ ಸೀಳಿಬಿಟ್ಟಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಳನ್ನು ಬಿಸಿಲಿಗೆ ಹಿಡಿದರೆ ನನ್ನ ಬೆರಳೇ ಆಚೆಯಿಂದ ಕಾಣುತ್ತಿತ್ತು, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು. ಆಗ ತಿಳಿಯಿತು. ನಮ್ಮ ಕಡೆ ಕಾರ ಹುಣ್ಣಿಮೆ ಬಂತೆಂದರೆ ಎತ್ತಿನ ಕೋಡು ಹೆರೆಸದ ಮನೆಯಿಲ್ಲ. ಅಣ್ಣನಿಗಂತೂ ಆ ಹುಚ್ಚು ಎಲ್ಲರಿಗಿಂತ ಹೆಚ್ಚು. ಬೇರೆಯವರ ಕೈಗೆ ಕೊಡದೆ ತಾನೇ ಗಾಜಿನ ಚೂರಿನಿಂದ ಹೆರೆದು ಹೆರೆದು, ಎಣ್ಣೆ ತಿಕ್ಕಿ, ಕನ್ನಡಿಯ ಹಾಗೆ ಹೊಳೆಸಿ ಊರ ತುಂಬ ಮೆರೆಸುತ್ತಿದ್ದ. ವರ್ಷ ವರ್ಷ ಹೆರೆದರೆ ಕೋಡಿನಲ್ಲಿ ಉಳಿಯುವುದಾದರೂ ಏನು?

ಪೈಪಿಗೆ ಹಚ್ಚುವ ಅಂಟು ಮೆತ್ತಿದೆ, ನಿಲ್ಲಲಿಲ್ಲ. ಸೋರುವ ಮದ್ದನ್ನು ಬಂದೂಕಿನ ಪಕ್ಕಕ್ಕೆ ಕಟ್ಟಿಕೊಳ್ಳುವುದುಂಟೇ? "ಎಮ್ಮಿ ಕೋಡ ತರ್ತೀನಿ ಅಣ್ಣಾ, ಅದು ದಪ್ಪ ಇರತೈತಿ" ಎಂದೆ. ಅಣ್ಣ ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದ.

"ನಾನ ಹೆರದೀನಿ ಅಲ್ಲೋ" ಎಂದ. "ಚಂದ ಕಾಣ್ಲಿ ಅಂತ."

ಮರುದಿನ ನೀರು ಬಿಟ್ಟು ಬರುವಷ್ಟರಲ್ಲಿ ವೈನಿ ಬಾಗಿಲಲ್ಲೇ ಎದುರಾದಳು. "ಎದ್ದಾರ! ಸಲಿಕಿ ತಗೊಂಡು ಹೊಲಕ್ಕ ಹೋಗ್ಯಾರ! ಬುತ್ತಿ ಕಟ್ಟೀನಿ, ಲಗೂನ ಒಯ್ಯಿ." ನಾನು ಬುತ್ತಿ ಹಿಡಿದು ಓಡಿದೆ. ಏದುಸಿರು ಬಿಡುತ್ತ, ಒಬ್ಬನೇ ನಗುತ್ತ ಓಡಿದೆ ಎಂದರೆ ಸುಳ್ಳಲ್ಲ.

ಅಣ್ಣ ಎತ್ತಿನ ಕುಣಿಯ ಮೇಲೆ ಮಂಡಿಯೂರಿ, ಹೋಳುಗಳನ್ನು ಒಂದಕ್ಕೊಂದು ಜೋಡಿಸಿಟ್ಟು ಮಣ್ಣು ಎಳೆಯುತ್ತಿದ್ದ. ಸುತ್ತ ಹಂದಿ ತುಳಿದು ಮಲಗಿಸಿದ ಜೋಳ. "ನೋಡಣ್ಣಾ, ಎಷ್ಟ ಹಾಳ ಮಾಡ್ಯಾವ" ಎಂದೆ. ತಲೆ ಎತ್ತಲಿಲ್ಲ. ಬುತ್ತಿ ಬಿಚ್ಚಿದೆ, ಮುಟ್ಟಲಿಲ್ಲ. ಮಣ್ಣು ತಟ್ಟಿ ಎದ್ದು, ನನ್ನ ಹೆಗಲ ಮೇಲೆ ಕೈಯಿಟ್ಟು ಮನೆಗೆ ನಡೆದು ಬಂದ.

ವೈನಿ ಕಾಲಿಗೆ ನೀರು ಕೊಟ್ಟಳು. ಕಾಲು ತೊಳೆದುಕೊಂಡ. ನಮ್ಮಿಬ್ಬರ ಮುಖ ನೋಡಿ, ಸಿಟ್ಟಿಲ್ಲದೆ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದ.

"ಇನ್ನ ನನ್ನ ಎಬ್ಬಸಬ್ಯಾಡ್ರಿ."